ಡೀಲಿಯಾಳ ಗಡಿಯಾರ ನಿಲ್ಲಿಸಿದವರು ಯಾರು?

ಗೋಡೆ ಗಡಿಯಾರದ ಗಾಜಿನ ಬಾಗಿಲು ತೆರೆದು ಸಾರ್ಜೆಂಟ್ ಕೊಲ್ಮನ್ ಟೂಹಿ ಕೀಲಿ ತಿರುಗಿಸಿದ. ಎರಡು ಸುತ್ತು, ಮೂರು ಸುತ್ತು. ಆಮೇಲೆ ಕೀಲಿ ಅಲುಗಲಿಲ್ಲ.

ಸ್ಪ್ರಿಂಗು ಬಿಗಿಯಾಗಿಯೇ ಇತ್ತು. ಅಂದಮೇಲೆ ಈ ಗಡಿಯಾರ ಕೀಲಿ ಮುಗಿದು ತಾನಾಗಿ ನಿಂತದ್ದಲ್ಲ. ಯಾರೋ ಲೋಲಕವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ್ದರು.

ಮುಳ್ಳುಗಳು ನಾಲ್ಕೂ ಇಪ್ಪತ್ತರ ಮೇಲಿದ್ದವು. ನಿನ್ನೆ, ಬುಧವಾರ ಬೆಳಿಗ್ಗೆ, ಕತೆಗಾರ್ತಿ ಡೀಲಿಯಾ ಗೆರಾಟಿ ತನ್ನ ಬರೆಯುವ ಕೋಣೆಯಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದಾಗಲೂ ಅವನು ಈ ಗಡಿಯಾರವನ್ನು ನೋಡಿದ್ದ. ನೋಡಿಯೂ ಸುಮ್ಮನಾಗಿದ್ದ. ಸಾವಾದ ಮನೆಯಲ್ಲಿ ಗಡಿಯಾರ ನಿಂತಿರುವುದು, ಕನ್ನಡಿ ಗೋಡೆಗೆ ಮುಖ ಮಾಡಿರುವುದು, ಜೀವ ಹೊರಗೆ ಹೋಗಲೆಂದು ಕಿಟಕಿ ತೆರೆದಿರುವುದು ಈ ಬಾಲಿನಡ್ರೀನ್ ಊರಲ್ಲಿ ಯಾರಿಗೂ ವಿಶೇಷವಲ್ಲ. ಡಬ್ಲಿನ್‌ನಲ್ಲಿ ಬೆಳೆದ ಪೊಲೀಸನಾಗಿದ್ದರೆ ಕಾಲಿಟ್ಟ ಕೂಡಲೇ ಇದೇನೆಂದು ಕೇಳುತ್ತಿದ್ದ. ಇವನು ಇಲ್ಲಿಯ ಮಣ್ಣಿನವನು, ಹಾಗಾಗಿ ಒಂದೂವರೆ ದಿನ ಕಣ್ಣಿದ್ದೂ ಕುರುಡನಾದ.

ಈಗ ಲೆಕ್ಕ ಹಾಕಿದ. ಬೆಳಿಗ್ಗೆ ಎಂಟಕ್ಕೆ ಹೆಣ ಕಂಡವನು ಡೀಲಿಯಾಳ ತಮ್ಮ ಫೆಸ್ಟಸ್. ಎಂಟೂವರೆಗೆ ಟೂಹಿ ಬಂದ. ಆಗಲೇ ಗಡಿಯಾರ ನಿಂತಿತ್ತು, ಅದೂ ನಾಲ್ಕೂ ಇಪ್ಪತ್ತಕ್ಕೆ. ಇಲ್ಲಿಯವರು ಗಡಿಯಾರ ನಿಲ್ಲಿಸುವುದು ಉಸಿರು ನಿಂತ ನಿಮಿಷಕ್ಕೆ. ಆ ನಿಮಿಷ ಗೊತ್ತಿರಬೇಕಾದರೆ ಪಕ್ಕದಲ್ಲೇ ಇರಬೇಕು. ಸಾವು ಮಂಗಳವಾರ ಸಂಜೆಯಿಂದ ಮಧ್ಯರಾತ್ರಿಯೊಳಗೆ ಎಂದಿದ್ದರು ಡಾಕ್ಟರು, ಹಾಗಾಗಿ ಇದು ಬೆಳಗಿನ ಜಾವದ ನಾಲ್ಕಲ್ಲ.

ಮತ್ತು ಮಂಗಳವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಫೆಸ್ಟಸ್ ಗೆರಾಟಿ ಕೂತಿದ್ದದ್ದು ಠಾಣೆಯಲ್ಲಿ, ಟೂಹಿಯ ಮೇಜಿನ ಮುಂದೆ. ಬಂದೂಕಿನ ಪರವಾನಗಿಯ ಕಾಗದಕ್ಕೆ ಸಹಿ ಹಾಕಲು ನಾಲಿಗೆ ಕಚ್ಚಿಕೊಂಡು ಒದ್ದಾಡುತ್ತಿದ್ದ.

ಅದೇ ಫೆಸ್ಟಸ್ ಈಗ ಠಾಣೆಯ ಲಾಕಪ್ಪಿನಲ್ಲಿದ್ದ. ಅಕ್ಕ ತನ್ನ ಮೇಲೆ ಕತೆ ಬರೆದಳೆಂದು ಒಂದು ತಿಂಗಳಿಂದ ಒಂದೇ ಸೂರಿನಡಿ ಮಾತು ಬಿಟ್ಟಿದ್ದವನು. ಮಂಗಳವಾರ ರಾತ್ರಿ ಇಸ್ಪೀಟಾಡಿ ಕುಡಿದು ಬಂದು ಅವಳನ್ನು ತಳ್ಳಿದ ಎನ್ನುವುದು ಸೂಪರಿಂಟೆಂಡೆಂಟ್ ಪ್ರೆಂಡರ್‌ಗಾಸ್ಟರ ವಾದ. ಐದು ಗಂಟೆಗೆ ಅವರು ಬಂದು ಕೊಲೆ ಆರೋಪ ಬರೆಸುವವರಿದ್ದರು. ಆ ಕಾಗದದ ಕೊನೆಯಲ್ಲಿ ನೇಣಿದೆ ಎನ್ನುವುದು ಟೂಹಿಗೆ ಗೊತ್ತು. ಆರಕ್ಕೆ ಹೆಣ ಚರ್ಚಿಗೆ ಹೋಗುತ್ತದೆ, ಬಂದವರೆಲ್ಲ ಚದುರುತ್ತಾರೆ. ಈಗಾಗಲೇ ಮೂರು ಗಂಟೆ ದಾಟಿತ್ತು.

ಪಕ್ಕದ ಕೋಣೆಯಿಂದ ನಗೆಯ ಸದ್ದು ಬಂತು. ಶವಪೆಟ್ಟಿಗೆಯ ಸುತ್ತ ಅರ್ಧ ಊರು ನೆರೆದಿತ್ತು. ಹ್ಯಾಮ್ ಸ್ಯಾಂಡ್‌ವಿಚ್, ಚಹಾ, ಪೋರ್ಟರ್ ಬಿಯರು, ತಟ್ಟೆಯಲ್ಲಿ ನಶ್ಯ.

ಈ ಊರು ಡೀಲಿಯಾಳನ್ನು ಮೂವತ್ತು ವರ್ಷ ಬೈದಿದೆ, ಮೂವತ್ತು ವರ್ಷ ಓದಿದೆ. ಇಪ್ಪತ್ತೈದರ ಹರೆಯದಲ್ಲಿ, ಶಾಲೆಯಲ್ಲಿ ಮೇಡಂ ಆಗಿದ್ದಾಗ ಅವಳ ಮೊದಲ ಪುಸ್ತಕ ಬಂತು. ಸರ್ಕಾರ ನಿಷೇಧಿಸಿತು, ಊರ ಪಾದ್ರಿ ಕ್ಯಾನನ್ ಹೆಸ್ಟನ್ ಪೂಜೆಯ ಮಧ್ಯೆ ಪುಸ್ತಕ ಎತ್ತಿ ತೋರಿಸಿ ಉಗಿದರು, ತಿಂಗಳೊಳಗೆ ಕೆಲಸ ಹೋಯಿತು. ಅವಳು ಅಳಲಿಲ್ಲ. ಕೋಳಿ ಸಾಕಿದಳು, ಬರೆದಳು. ಬಾಸ್ಟನ್‌ನ ಪತ್ರಿಕೆ ಅಚ್ಚು ಹಾಕಿತು, ಲಂಡನ್ನಿನದು ಹಾಕಿತು, ಕೊನೆಗೆ ಡಬ್ಲಿನ್ ರೇಡಿಯೋ ಕೂಡ ಓದಿತು. ನಲವತ್ಮೂರು ಕತೆ, ಎಲ್ಲದರಲ್ಲೂ ಬಾಲಿನಡ್ರೀನ್. ನಿಷೇಧಿತ ಪುಸ್ತಕ ಕೋಟಿನೊಳಗೆ ಬಚ್ಚಿಟ್ಟುಕೊಂಡು ತರದ ಮನೆ ಈ ಊರಲ್ಲಿ ಒಂದೂ ಇಲ್ಲ.

"ಎರಡನೇ ಪುಸ್ತಕದ ಮೂರನೇ ಕತೆ ನಮ್ಮಪ್ಪಂದೇ ಕಣಯ್ಯಾ," ಎಂದು ಯಾರೋ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಅಪ್ಪ ಬದುಕಿದ್ದಾಗ ಇದೇ ಮನೆಯ ಕಿಟಕಿಗೆ ಕಲ್ಲು ಹೊಡೆದಿದ್ದ.

ಅವಳ ಬರೆಯುವ ರೀತಿ ಎಲ್ಲರಿಗೂ ಗೊತ್ತಿತ್ತು. ಕೆಂಪು ರಟ್ಟಿನ ಶಾಲೆಯ ಪುಸ್ತಕದಲ್ಲಿ ಮೊದಲು ನಿಜವಾದ ಹೆಸರುಗಳನ್ನೇ ಇಟ್ಟು ಬರೆಯುವಳು. ಬರೆದದ್ದನ್ನು ಕತೆಯಲ್ಲಿ ಬರುವವರನ್ನು ಕರೆಸಿ, ಎದುರಿಗೆ ಕೂರಿಸಿ, ಚಹಾ ಕೊಟ್ಟು ಓದುವಳು. ಅವರು ಅಳಲಿ, ಬಯ್ಯಲಿ, ಎದ್ದು ಹೋಗಲಿ. ಆಮೇಲೆಯೇ ಹೆಸರು ಬದಲಿಸಿ ಅಂಚೆಗೆ ಹಾಕುವುದು. ಬೆನ್ನ ಹಿಂದೆ ಬರೆಯುವುದು ಕಳ್ಳತನ ಎನ್ನುತ್ತಿದ್ದಳು.

ಬುಧವಾರ ಈ ಕೋಣೆಯಲ್ಲಿ ಚಳಿ ಕಾಯಿಸುವ ಒಲೆಯ ಮುಂದೆ ಎರಡು ಕುರ್ಚಿ ಎದುರುಬದುರಾಗಿದ್ದವು. ಕೆಂಪು ಪುಸ್ತಕ ಇರಲಿಲ್ಲ.

ಟೂಹಿ ಮೊದಲು ಕ್ಯಾನನ್‌ರನ್ನು ಬಾಗಿಲ ಮರೆಗೆ ಕರೆದ.

"ಈ ಕೋಣೆಯಲ್ಲಿ ನೀವು ಏನಾದ್ರೂ ಮುಟ್ಟಿದ್ರಾ, ಕ್ಯಾನನ್?"

"ಅವಳ ಹಣೆ ಮುಟ್ಟಿದೆ. ಕೊನೆ ಸಂಸ್ಕಾರದ ಎಣ್ಣೆ ಹಚ್ಚಿದೆ. ಮೂವತ್ತು ವರ್ಷ ಆದ್ಮೇಲೆ ಈ ಮನೆಗೆ ಕಾಲಿಟ್ಟಿದ್ದು ನಿನ್ನೆಯೇ," ಎಂದರು ಮುದುಕರು. "ಗಡಿಯಾರ ನಿಂತೇ ಇತ್ತು. ಫೆಸ್ಟಸ್ ನಿಲ್ಲಿಸಿರ್ತಾನೆ ಅಂದ್ಕೊಂಡೆ."

"ಮಂಗಳವಾರ ಸಂಜೆ ಎಲ್ಲಿದ್ರಿ?"

"ಚರ್ಚಲ್ಲಿ, ಮೂವತ್ತು ಮಕ್ಕಳಿಗೆ ಪಾಠ ಮಾಡ್ತಾ ಇದ್ದೆ. ನನ್ನ ಮೇಲೂ ಅನುಮಾನವೇನಪ್ಪಾ? ಇರ್ಲಿ, ತಪ್ಪೇನಿಲ್ಲ."

ಎರಡನೆಯವನು ಕೌನ್ಸಿಲರ್ ಔಸ್ಟಿ ಮುಲ್‌ಕ್ರೋನ್. ಸತ್ತವರ ಹೆಸರಲ್ಲಿ ಓಟು ಹಾಕಿಸಿದ ಅವನ ಸಾಹಸವನ್ನು ಡೀಲಿಯಾ ಹನ್ನೆರಡು ಪುಟ ಬರೆದು ಅಮೆರಿಕಾಕ್ಕೆ ತಲುಪಿಸಿದ್ದಳು.

"ಮಂಗಳವಾರವಾ? ಇಪ್ಪತ್ತು ಮೈಲಿ ಆಚೆ ಒಂದು ಮಣ್ಣಿಗೆ ಹೋಗಿದ್ದೆ ಸಾರ್ಜೆಂಟ್ರೇ. ಚುನಾವಣೆ ಹತ್ರ ಬಂತು, ಯಾರು ಸತ್ರೂ ನಾನು ಹೋಗ್ಲೇಬೇಕು," ಎಂದು ಅವನು ಸ್ಯಾಂಡ್‌ವಿಚ್ ಕಚ್ಚಿದ. "ಇನ್ನೂರು ಜನರ ಕೈ ಕುಲುಕಿದ್ದೀನಿ. ಒಬ್ಬೊಬ್ಬರನ್ನೇ ಕೇಳಿ ಬೇಕಾದ್ರೆ."

ಫೆಸ್ಟಸ್‌ನ ಮಾತೂ ಟೂಹಿಯ ಕಿವಿಯಲ್ಲಿತ್ತು. ಬೆಳಿಗ್ಗೆ ಲಾಕಪ್ಪಿನ ಸರಳು ಹಿಡಿದು ಆ ಬಡಪಾಯಿ ಹೇಳಿದ್ದ: "ಅಡುಗೆಮನೆ ಒಲೆ ಹಚ್ಚಿರ್ಲಿಲ್ಲ ಸಾರ್ಜೆಂಟ್ರೇ, ಅದಕ್ಕೇ ಅವಳ ಕೋಣೆ ಬಾಗ್ಲು ತೆಗೆದೆ. ನೋಡ್ದೆ, ಓಡ್ದೆ. ಕಿಟಕಿ ಗಿಟಕಿ ಏನೂ ಮುಟ್ಟಿಲ್ಲ. ಒಂದು ತಿಂಗಳು ಮಾತಾಡಿಸಲಿಲ್ವಲ್ಲ ನಾನು... ಒಂದು ತಿಂಗಳು!"

ಇನ್ನು ಉಳಿದದ್ದು ಒಬ್ಬಳೇ. ಟೂಹಿ ಬಾಗಿಲಿಂದ ತಲೆ ಹೊರಗೆ ಹಾಕಿ ಬೀಸಿ ಲಾವೆಲ್‌ಳನ್ನು ಕರೆದ.

ಎಪ್ಪತ್ತು ದಾಟಿದ ಹೆಂಗಸು, ಕಪ್ಪು ಶಾಲು, ಮೂಗಿನ ಕೆಳಗೆ ನಶ್ಯದ ಪುಡಿ. ಈ ಊರಿನ ಹೆರಿಗೆಯೂ ಅವಳ ಕೈಯಲ್ಲಿ, ಹೆಣ ತೊಳೆದು ಮಲಗಿಸುವುದೂ ಅವಳ ಕೈಯಲ್ಲಿ. ಟೂಹಿಯನ್ನು ಭೂಮಿಗೆ ಎಳೆದುಕೊಂಡವಳೂ ಅವಳೇ, ಹಾಗಾಗಿ ಸಮವಸ್ತ್ರಕ್ಕೆ ಅವಳು ಹೆದರುವ ಮಾತೇ ಇರಲಿಲ್ಲ.

"ಏನಪ್ಪಾ, ಅಲ್ಲಿ ಜಪಸರ ಶುರುವಾಗ್ತಾ ಇದೆ. ಬೇಗ ಹೇಳು."

"ಬೀಸಮ್ಮ, ಈ ಗಡಿಯಾರ ನಿಲ್ಲಿಸಿದ್ದು ನೀವಾ?"

"ಇನ್ಯಾರು? ಹೆಣ ತೊಳೆಯೋಕೆ ಬಂದಾಗ ನಿಲ್ಲಿಸ್ದೆ."

"ಎಷ್ಟು ಹೊತ್ತಿಗೆ ಬಂದ್ರಿ?"

"ಬುಧವಾರ ಹತ್ತು ಗಂಟೆಗೆ. ಬಾಗ್ಲ ಮುಂದೆ ನೀನೇ ನಿಂತಿದ್ಯಲ್ಲ!"

"ಹಾಗಾದ್ರೆ ಇದು ಹತ್ತು ತೋರಿಸ್ಬೇಕಿತ್ತು."

ಬೀಸಿ ಗಡಿಯಾರದ ಕಡೆ ನೋಡಲಿಲ್ಲ. "ಮುಳ್ಳು ತಿರುಗಿಸಿದೆ ಅಂತಿಟ್ಕೋ."

"ನಾಲ್ಕೂ ಇಪ್ಪತ್ತಕ್ಕೆ ಯಾಕೆ ತಿರುಗಿಸಿದ್ರಿ? ಸಂಜೆಯೋ ಮಧ್ಯರಾತ್ರಿಯೋ ಅಂತ ಡಾಕ್ಟರಿಗೇ ಗೊತ್ತಾಗ್ಲಿಲ್ಲ. ನಿಮಗೆ ನಿಮಿಷ ಹೇಗೆ ಗೊತ್ತಾಯ್ತು?"

"ಪೊಲೀಸನಾದ್ಮೇಲೆ ಬಾಯಿ ಬಂದಿದೆ ನಿಂಗೆ. ಚಿಕ್ಕವನಿದ್ದಾಗ ಮೂಗು ಸುರಿಸ್ಕೊಂಡು ಸುಮ್ನಿರ್ತಿದ್ದೆ."

"ಬೀಸಮ್ಮ, ನಾನು ಎಂಟೂವರೆಗೆ ಬಂದಾಗ್ಲೇ ಇದು ನಿಂತಿತ್ತು. ನೀವು ಹತ್ತಕ್ಕೆ ಬಂದು ನಿಲ್ಲಿಸೋಕೆ ನಡೀತಾ ಇದ್ದ ಗಡಿಯಾರವೇ ಇರ್ಲಿಲ್ಲ."

ಪಕ್ಕದ ಕೋಣೆಯಲ್ಲಿ ಜಪಸರ ಶುರುವಾಯಿತು. ಕ್ಯಾನನ್‌ರ ಒಂಟಿ ಧ್ವನಿ, ಅದರ ಹಿಂದೆ ಎಲ್ಲರದೂ. ಬೀಸಿ ಮೆಲ್ಲನೆ ಡೀಲಿಯಾಳ ಕುರ್ಚಿಯಲ್ಲಿ ಕೂತಳು. ಒಮ್ಮೆಲೇ ತುಂಬ ಮುದುಕಿಯಾಗಿ ಕಂಡಳು.

"ಕೈ ಸುಮ್ನಿರ್ಲಿಲ್ಲ ಮಗಾ," ಎಂದಳು. "ಮೊಟ್ಟೆಗೆ ಅಂತ ಬಂದೆ. ಕೂಗಿದೆ, ಉತ್ತರವಿಲ್ಲ. ಒಳಗೆ ಬಂದ್ರೆ ಇಲ್ಲಿ ಬಿದ್ದಿದ್ಳು, ತಲೆ ಒಲೆಯ ಕಬ್ಬಿಣಕ್ಕೆ ತಾಗಿತ್ತು. ಉಸಿರಿತ್ತು ಇನ್ನೂ. ಕಿವಿಯಲ್ಲಿ ಪ್ರಾರ್ಥನೆ ಹೇಳ್ದೆ. ಮುಗಿಯೋಷ್ಟರಲ್ಲಿ ಹೋದ್ಳು. ಎದ್ದೆ, ಕಿಟಕಿ ತೆಗೆದೆ, ಕನ್ನಡಿ ತಿರುಗಿಸ್ದೆ, ಗಡಿಯಾರ ಹಿಡಿದು ನಿಲ್ಲಿಸ್ದೆ. ಐವತ್ತು ವರ್ಷದ ಅಭ್ಯಾಸ, ಕೈಗೆ ಕಣ್ಣಿದೆ. ಗೇಟು ದಾಟಿದ್ಮೇಲೇ ಹೊಳೆದದ್ದು, ನಾನು ಇಲ್ಲಿಗೆ ಬಂದೇ ಇಲ್ಲ ಅಂತ ಆಗ್ಬೇಕು ಅಂತ."

"ಯಾಕೆ? ಯಾರನ್ನು ಕಾಪಾಡ್ತಾ ಇದ್ದೀರಿ?"

"ಕೇಳ್ಬೇಡ."

"ಫೆಸ್ಟಸ್‌ನ ಕುತ್ತಿಗೆಗೆ ಬಂದಿದೆ ಬೀಸಮ್ಮ! ಅವನನ್ನೂ ಹೆರಿಗೆ ಮಾಡಿಸಿದ್ದು ನೀವೇ."

"ದೊಡ್ಡ ವಕೀಲರಿದ್ದಾರೆ, ಬಿಡಿಸ್ತಾರೆ..."

"ಬಿಡಿಸದಿದ್ರೆ?"

ಅವಳು ಶಾಲಿನ ತುದಿಯಿಂದ ಕಣ್ಣೊರೆಸಿದಳು. "ನಾನು ಬರೋವಾಗ ಓಣಿಯಲ್ಲಿ ಒಬ್ಬಳು ಓಡ್ತಾ ಇದ್ಳು. ತಲೆ ಮೇಲೆ ಸ್ಕಾರ್ಫಿಲ್ಲ. ಬಿಕ್ಕಿ ಬಿಕ್ಕಿ ಅಳ್ತಾ ಇದ್ಳು, ನನ್ನನ್ನು ನೋಡ್ಲೂ ಇಲ್ಲ. ಈ ಮುದಿ ಕಾಲಲ್ಲಿ ನಾನಿಲ್ಲಿ ತಲುಪೋಕೆ ಕಾಲು ಗಂಟೆ ಹಿಡೀತು. ಡೀಲಿಯಾ ಸಾಯೋ ಮುಂಚೆ ಅವಳ ಹೆಸರೇ ಹೇಳಿದ್ದು, ಎರಡು ಸಲ."

"ಯಾರ ಹೆಸರು?"

"ನಿನ್ನ ಹೆಂಡ್ತಿದು. ಗ್ರೆಟಾ, ಗ್ರೆಟಾ ಅಂದ್ಳು."

ಬೀಸಿ ಶಾಲಿನೊಳಗೆ ಕೈ ಹಾಕಿ ಕೆಂಪು ರಟ್ಟಿನ ಪುಸ್ತಕ ತೆಗೆದು ಅವನ ಕೈಗಿಟ್ಟಳು. "ಸುಟ್ಟುಬಿಡ್ಬೇಕು ಅಂತಲೇ ತಗೊಂಡು ಹೋದೆ. ಆಗ್ಲಿಲ್ಲ. ಡೀಲಿಯಾ ಬರೆದದ್ದಲ್ವಾ? ಕೂತು ಓದು. ಓದಿ ಅವಳನ್ನು ಬಯ್ಯೋಕೆ ಮುಂಚೆ ಹತ್ತು ಎಣಿಸು."

ಅವಳು ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಟೂಹಿ ಓದಿದ. ಡೀಲಿಯಾಳ ದುಂಡು ಅಕ್ಷರ, ಶಾಲೆಯ ಮೇಡಂ ಅಕ್ಷರ. ಪ್ರತಿ ತಿಂಗಳ ಮೊದಲ ಶುಕ್ರವಾರ ಸಾರ್ಜೆಂಟನ ಹೆಂಡತಿ ಗ್ರೆಟಾ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಬಸ್ಸು ಹತ್ತುತ್ತಾಳೆ. ಬಸ್ಸು ಅವಳನ್ನು ಸನ್ಯಾಸಿನಿಯರು ನಡೆಸುವ ಅನಾಥ ಮಕ್ಕಳ ಮನೆಯ ಗೇಟಿಗೆ ತಂದು ಬಿಡುತ್ತದೆ. ಬೇಲಿಯಾಚೆ ಅವಳದೇ ಮುಖದ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಬಟ್ಟೆ ಒಗೆಯುತ್ತಿರುತ್ತಾಳೆ. ಹೆಂಗಸು ಹತ್ತಿರ ಹೋಗುವುದಿಲ್ಲ. ಬಸ್ಸು ಮರಳುವವರೆಗೆ ನಿಂತು ನೋಡುತ್ತಾಳೆ, ಮನೆಗೆ ಬಂದು ಹಲ್ಲು ನೋವೆಂದು ಊಟ ಬಿಡುತ್ತಾಳೆ.

ಮದುವೆಯಾಗಿ ಆರು ವರ್ಷ. "ಇಷ್ಟೊಂದು ಕೆಟ್ಟ ಹಲ್ಲು ಒಂದೇ ಬಾಯಲ್ಲಿ ಹೇಗಿದೆ ಮಾರಾಯ್ತಿ?" ಎಂದು ಎಷ್ಟು ಶುಕ್ರವಾರ ತಮಾಷೆ ಮಾಡಿದ್ದನೋ. ಮಕ್ಕಳಾಗಲೆಂದು ಇಬ್ಬರೂ ಸೇರಿ ಹರಕೆ ಹೊತ್ತದ್ದು ನೆನಪಾಗಿ ಅವನಿಗೆ ಮೈ ಉರಿಯಿತು. ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. ಇಷ್ಟು ವರ್ಷ ಅವಳು ಒಬ್ಬಳೇ ಆ ಬೇಲಿಯ ಹತ್ತಿರ ನಿಂತಳಲ್ಲ!

ಕತೆ ತುದಿಗೆ ಬರುವಾಗ ನಿಂತುಹೋಗಿತ್ತು. ಕೊನೆಯ ಎರಡು ಹಾಳೆಗಳನ್ನು ಯಾರೋ ಕಿತ್ತಿದ್ದರು.

ಹೊರಗೆ ಕಾರಿನ ಸದ್ದಾಯಿತು. ಐದಕ್ಕೆ ಬರಬೇಕಾದ ಸೂಪರಿಂಟೆಂಡೆಂಟ್ ಪ್ರೆಂಡರ್‌ಗಾಸ್ಟ್ ನಾಲ್ಕಕ್ಕೇ ಬಂದಿದ್ದರು. ಟೂಹಿ ಪುಸ್ತಕವನ್ನು ಕೋಟಿನ ಜೇಬಿಗೆ ತುರುಕಿಕೊಂಡು ಅಂಗಳಕ್ಕೆ ಬಂದ. ಎತ್ತರದ ಆಳು, ನುಣ್ಣಗೆ ಬೋಳಿಸಿದ ಗಲ್ಲ, ಕೈಗೆ ಕಂದು ಚರ್ಮದ ಗವಸು.

"ಏನ್ರೀ ಟೂಹಿ, ಅವಳ ತಮ್ಮ ಬಾಯಿ ಬಿಟ್ನಾ? ಕಾಗದ ಸಿದ್ಧ ಇದೆ ತಾನೇ?"

ಸಿದ್ಧವಿತ್ತು. ಹೂಂ ಅಂದರೆ ಮುಗಿಯಿತು. ನಿಂತ ಗಡಿಯಾರವನ್ನು ಈ ಊರಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಬೀಸಿ ಸಾಯುವವರೆಗೆ ತುಟಿ ಬಿಚ್ಚುವುದಿಲ್ಲ, ಗ್ರೆಟಾ ಮನೆಯಲ್ಲೇ ಇರುತ್ತಾಳೆ. ಫೆಸ್ಟಸ್‌ಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಅಳುವವರೂ ಇಲ್ಲ. ಸಹಿ ಹಾಕಲು ಒದ್ದಾಡುತ್ತಿದ್ದ ಆ ದಪ್ಪ ಬೆರಳುಗಳು ಕಣ್ಮುಂದೆ ಬಂದವು.

"ಫೆಸ್ಟಸ್ ಅಲ್ಲ ಸರ್," ಎಂದ. "ಡೀಲಿಯಾ ಸತ್ತದ್ದು ರಾತ್ರಿಯಲ್ಲ. ಮಂಗಳವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ. ಆಗ ಅವನು ನನ್ನ ಎದುರಿಗೇ ಕೂತಿದ್ದ. ದಿನಚರಿ ಪುಸ್ತಕದಲ್ಲಿ ಬರೆದಿದ್ದೀನಿ."

ಪ್ರೆಂಡರ್‌ಗಾಸ್ಟ್ ಗವಸು ಬಿಚ್ಚುತ್ತಿದ್ದವರು ನಿಲ್ಲಿಸಿದರು. "ನಿಮಿಷ ಸಮೇತ? ಯಾರು ಹೇಳಿದ್ರು?"

"ಉಸಿರು ಹೋಗೋವಾಗ ಗಡಿಯಾರ ನಿಲ್ಲಿಸಿದವರಿದ್ದಾರೆ ಸರ್. ಹೆಸರು ಆಮೇಲೆ ಹೇಳ್ತೀನಿ. ವಿಚಾರಣೆ ಇನ್ನೂ ಮುಗಿದಿಲ್ಲ."

"ಸಾಯೋ ಮುಂಚೆ ಅವಳು ಏನಾದ್ರೂ ಮಾತಾಡಿದ್ಳಂತಾ?"

"ಆಮೇಲೆ ಹೇಳ್ತೀನಿ ಸರ್."

"ಒಳ್ಳೆ ಕೆಲಸ ಮಾಡಿದ್ರಿ," ಎಂದರು ಸೂಪರಿಂಟೆಂಡೆಂಟ್. ಟೂಹಿಯ ಹೆಗಲು ತಟ್ಟಿ, ಟೋಪಿ ತೆಗೆದು, ಹೆಣದ ಮುಂದೆ ಮೊಣಕಾಲೂರಲು ಒಳಗೆ ಹೋದರು.

ಟೂಹಿ ಹಿತ್ತಲ ಬಾಗಿಲಿಂದ ಡೀಲಿಯಾಳ ಅಡುಗೆಮನೆಗೆ ನುಗ್ಗಿದ. ಗ್ರೆಟಾ ಒಬ್ಬಳೇ ಅಂಗಳದ ಕಡೆಯ ಕಿಟಕಿಯ ಬಳಿ ಸ್ಯಾಂಡ್‌ವಿಚ್ಚಿಗೆ ಬೆಣ್ಣೆ ಸವರುತ್ತಿದ್ದಳು. ಅವನ ಜೇಬಿನಿಂದ ಇಣುಕುತ್ತಿದ್ದ ಕೆಂಪು ರಟ್ಟು ಕಂಡಕೂಡಲೇ ಚಾಕು ಕೆಳಗಿಟ್ಟಳು.

"ಓದಿದ್ಯಾ?"

"ಓದಿದೆ."

"ಹೊಡಿ ಬೇಕಾದ್ರೆ. ಹೊಡೆದುಬಿಡು ಕೊಲ್ಮನ್."

"ಹುಚ್ಚು ಮಾತಾಡ್ಬೇಡ." ಅವನ ಧ್ವನಿ ಒಡೆಯಿತು. "ಒಂದೇ ಒಂದು ಮಾತು ಹೇಳು. ಡೀಲಿಯಾಳನ್ನು ನೀನು ತಳ್ಳಿದ್ಯಾ?"

"ನಾನಾ?" ಗ್ರೆಟಾ ಬಾಯಿ ತೆರೆದು ನಿಂತಳು. "ನಾನು ಹೊರಟಾಗ ಬಾಗಿಲಿಗೆ ಬಂದು ಕೈ ಬೀಸಿದ್ಳು! ಮೂರು ಗಂಟೆಗೆ ಕರೆಸಿ ಎಲ್ಲ ಓದಿದ್ಳು. ಕೊನೆ ಎರಡು ಹಾಳೆಯಲ್ಲಿ ಮಗುವಿನ ಅಪ್ಪನ ಹೆಸರಿತ್ತು. ಕಿತ್ತು ಇಟ್ಕೊಂಡೆ, ನನ್ನ ಹತ್ರ ಇದೆ. ಕಿತ್ರೇನು ನಂಗೆ ಬಾಯಿಪಾಠ ಅಂದ್ಳು. ನಾಲ್ಕು ಗಂಟೆಗೆ ಅವನಿಗೂ ಬರಹೇಳಿದ್ದೀನಿ, ಇಬ್ಬರಿಗೂ ಓದದೆ ಅಂಚೆಗೆ ಹಾಕಲ್ಲ ಅಂದ್ಳು. ಹೆದರಿ ಓಡ್ದೆ. ಗೇಟಿನ ಹತ್ರ ಅವನು ಎದುರಿಗೇ ಬಂದ. ನಾನು ಕೆಲಸಕ್ಕಿದ್ದ ಮನೆಯಲ್ಲಿ ಅವನು ಬಾಡಿಗೆಗಿದ್ದಾಗ ಹೇಗಿದ್ನೋ ಹಾಗೇ ಇದ್ದ. ಅದೇ ಗವಸು."

"ಗವಸು?"

"ಯಾಕೆ ಹಾಗೆ ನೋಡ್ತೀಯ? ಈಗ ಅಂಗಳದಲ್ಲಿ ನಿನ್ನ ಹೆಗಲು ತಟ್ಟಿದ್ನಲ್ಲ, ಅವನೇ. ಅವನಿಗೆ ಏನು ಹೇಳ್ದೆ ಕೊಲ್ಮನ್?"

ಪ್ರೆಂಡರ್‌ಗಾಸ್ಟರೂ ಇದೇ ಸೀಮೆಯಲ್ಲಿ ಹುಟ್ಟಿದವರು. ಸತ್ತವರ ಮನೆಯಲ್ಲಿ ಗಡಿಯಾರ ನಿಲ್ಲಿಸುವವರು ಯಾರೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಟೂಹಿ ಬಾಗಿಲು ತಳ್ಳಿ ಒಳಗೆ ಓಡಿದ. ಜಪಸರ ಮುಗಿದಿತ್ತು. ಶವಪೆಟ್ಟಿಗೆಯ ತಲೆಯ ಕಡೆ ಬೀಸಿ ಕೂರುತ್ತಿದ್ದ ಸ್ಟೂಲು ಖಾಲಿಯಾಗಿತ್ತು.

"ಬೀಸಮ್ಮ ಎಲ್ಲಿ?" ಎಂದು ಕೂಗಿದ.

ಔಸ್ಟಿ ಮುಲ್‌ಕ್ರೋನ್ ಬಾಯಲ್ಲಿದ್ದದ್ದನ್ನು ನುಂಗಿ ಹೇಳಿದ: "ಸೂಪರಿಂಟೆಂಡೆಂಟ್ ಸಾಹೇಬ್ರು ತುಂಬ ಒಳ್ಳೆಯವರು ಬಿಡಿ. ವಯಸ್ಸಾದವರು, ದಣಿದಿದ್ದೀರಿ, ನನ್ನ ಕಾರಲ್ಲೇ ಮನೆಗೆ ಬಿಡ್ತೀನಿ ಅಂತ ಕೈ ಹಿಡ್ಕೊಂಡು ಕರ್ಕೊಂಡು ಹೋದ್ರು."

ಟೂಹಿ ಅಂಗಳಕ್ಕೆ ಬರುವಷ್ಟರಲ್ಲಿ ಕಾರು ಗೇಟು ದಾಟಿತ್ತು. ಬೀಸಿಯ ಮನೆ ಇರುವುದು ಎಡಕ್ಕೆ. ಕಾರು ಬಲಕ್ಕೆ, ಸರೋವರದ ದಾರಿಗೆ ತಿರುಗಿತು.